ನೀರನ್ನೂ ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ

ಔಷಧಗಳ ಜೊತೆಗೆ ಬರುವ ತಿಳಿವಳಿಕೆಯ ಹಾಳೆಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿಯಲ್ಲಿ ಕೇಳಿದ: "ಸರ್, ಗುಳಿಗಿ ತಿನ್ನಬೇಕ್ರೀ, ನುಂಗಬೇಕ್ರೀ, ಇಲ್ಲಾ ಸೇವಿಸಬೇಕ್ರೀ?"

ನಗುವ ಮಾತಲ್ಲ ಇದು. ಅಗಿದು ನುಂಗಬೇಕಾದ ಗುಳಿಗೆಯುಂಟು, ಅಗಿಯದೆ ಇಡಿಯಾಗಿಯೇ ನುಂಗಬೇಕಾದದ್ದುಂಟು, ಚೀಪಬೇಕಾದದ್ದುಂಟು. ಎದೆನೋವು ಬಂದಾಗ ನಾಲಿಗೆಯ ಕೆಳಗಿಟ್ಟುಕೊಳ್ಳುವ ಗುಳಿಗೆಯನ್ನಂತೂ ನುಂಗಲೇಬಾರದು. ಅದು ಅಲ್ಲಿಯೇ ಕರಗಿ ರಕ್ತಕ್ಕೆ ಸೇರಬೇಕು, ಆಗಲೇ ಅದರ ಗುಣ ಬೇಗ ತೋರುವುದು. ಇವೆಲ್ಲಕ್ಕೂ 'ಸೇವಿಸಿರಿ' ಎಂದು ಒಂದೇ ಪದ ಬರೆದುಬಿಟ್ಟರೆ ಓದಿದವನು ಏನು ಮಾಡಬೇಕು? 'ಎಲ್ಲೆಲ್ಲಿ ಬಾಯಿ ಏನು ಮಾಡಬೇಕೋ ಅದನ್ನೇ ಬರಿ' ಎಂದು ಅವನಿಗೆ ಉತ್ತರ ಹೇಳಿದೆ. ಆದರೆ ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಕೊಂಡು, ಕಡೆಗೆ ನಮ್ಮ ವಿಜಯಪುರದ ಇತಿಹಾಸದ ಒಂದು ಪುಟಕ್ಕೇ ಕರೆದೊಯ್ದಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಮಾತುಗಳನ್ನೇ ನೋಡೋಣ. ಉಣ್ಣುವುದು ಬೇರೆ, ತಿನ್ನುವುದು ಬೇರೆ. ರೊಟ್ಟಿ, ಪಲ್ಯ, ಸಾರು ಮುಂದಿಟ್ಟುಕೊಂಡು ಕುಳಿತರೆ ಅದು ಉಣ್ಣುವುದು; ಚುರಮುರಿ, ಶೇಂಗಾ ಬಾಯಿಗೆ ಹಾಕಿಕೊಂಡರೆ ತಿನ್ನುವುದು. ಕೂಸು ಮೊಲೆ 'ಉಣ್ಣುತ್ತದೆ', ಎಂದೂ ಕುಡಿಯುವುದಿಲ್ಲ. ಏಟು, ಲಂಚ, ಬಡ್ಡಿ ಇವನ್ನು 'ತಿನ್ನುತ್ತಾರೆ'; ನೋವನ್ನು 'ಉಣ್ಣುತ್ತಾರೆ'. ತೆರಿಗೆಯಿಲ್ಲದೆ ಅನುಭವಿಸಲು ಅರಸರು ಕೊಟ್ಟ ಭೂಮಿಗೆ 'ಉಂಬಳಿ' ಎಂಬ ಹೆಸರು ಬಂದದ್ದೂ ಈ 'ಉಣ್' ಧಾತುವಿನಿಂದಲೇ. ಮಠಗಳ ಪಂಕ್ತಿಯಲ್ಲಿ 'ಉಂಡಿರೇನು' ಎಂದು ಯಾರೂ ಕೇಳುವುದಿಲ್ಲ, 'ಪ್ರಸಾದ ಮಾಡ್ರಿ' ಎನ್ನುತ್ತಾರೆ. ಅಲ್ಲಿ ಕ್ರಿಯಾಪದವೇ ಕೈಮುಗಿದು ನಿಲ್ಲುತ್ತದೆ!

'ಸೇವಿಸು' ಎಂಬುದು ಸಂಸ್ಕೃತದಿಂದ ಬಂದದ್ದು. ಮೂಲದಲ್ಲಿ ಅದಕ್ಕೆ ಬಳಿಯಲ್ಲಿದ್ದು ಉಪಚರಿಸುವುದು, ಆಶ್ರಯಿಸುವುದು ಎಂಬ ಅರ್ಥ. ದೇವರ ಸೇವೆ, ಗುರುಸೇವೆ ಎನ್ನುವಾಗ ಇರುವುದು ಅದೇ. ಒಂದು ವಸ್ತುವನ್ನು ಆಶ್ರಯಿಸಿ ರೂಢಿ ಮಾಡಿಕೊಳ್ಳುವುದೂ ಸೇವನೆಯೇ ಆಯಿತು. ಬೆಳಗಿನ ತಿರುಗಾಟಕ್ಕೆ ಹಿರಿಯರು 'ವಾಯುಸೇವನೆ' ಎನ್ನುತ್ತಿದ್ದರು. ಈಗ ಪತ್ರಿಕೆಗಳಲ್ಲಿ ತೀರ್ಥವನ್ನೂ ಸೇವಿಸುತ್ತಾರೆ, ಮದ್ಯವನ್ನೂ ಸೇವಿಸುತ್ತಾರೆ, ವಿಷವನ್ನೂ ಸೇವಿಸುತ್ತಾರೆ. ಬಾಯಿಯೊಳಗೆ ಏನು ಹೋದರೂ ಸೈ ಎನ್ನುವ ಈ ಪದದ ಮೇಲೆ ನನಗೆ ಅಷ್ಟೇನೂ ಒಲವಿಲ್ಲ. ಕಚೇರಿಯ ಕಾಗದಕ್ಕೆ ಅದು ಅನುಕೂಲ, ಅಷ್ಟೆ.

ಇನ್ನು ಊರಿಂದ ಊರಿಗೆ ಅರ್ಥ ಪಲ್ಲಟವಾಗುವ ತಮಾಷೆಯೂ ಇದೆ. ತಿಕೋಟಾದ ದ್ರಾಕ್ಷಿ ತೋಟದಲ್ಲಿ 'ಅಪ್ಪಾ ಎಲ್ಲಿ ಹೋಗ್ಯಾನ?' ಎಂದು ಕೇಳಿದರೆ, 'ಎಣ್ಣಿ ಹೊಡಿಲಿಕ್ಕೆ ಹೋಗ್ಯಾನ್ರೀ' ಎಂದು ಮಗು ಹೇಳುತ್ತದೆ. ಬಳ್ಳಿಗೆ ಕೀಟನಾಶಕ ಸಿಂಪಡಿಸಲು ಹೋಗಿದ್ದಾನೆ ಎಂದರ್ಥ. ಇದೇ ಮಾತನ್ನು ಬೆಂಗಳೂರಿನಲ್ಲಿ ಹೇಳಿ ನೋಡಿರಿ, ಆ ತಂದೆಯ ಮಾನ ಉಳಿಯುವುದಿಲ್ಲ!

ಇರಲಿ, ಇತಿಹಾಸಕ್ಕೆ ಬರೋಣ. ಉಣ್ಣುವುದು, ತಿನ್ನುವುದು, ಕುಡಿಯುವುದು ಮನುಷ್ಯನಷ್ಟೇ ಹಳೆಯವು. ಅವಕ್ಕೆ ಕ್ರಿಯಾಪದಗಳು ಎಂದು ಹುಟ್ಟಿದವೆಂದು ಯಾರೂ ಹೇಳಲಾರರು. ಆದರೆ ಒಂದು ವಸ್ತು ಮಾತ್ರ ತೀರ ತಡವಾಗಿ, ನಾವು ಕಾಲ ಗುರುತಿಸಬಹುದಾದ ದಿನಗಳಲ್ಲಿ ನಮ್ಮ ನಾಡಿಗೆ ಬಂದಿತು. ಅದನ್ನು ಒಳಗೆ ತೆಗೆದುಕೊಳ್ಳುವ ಬಗೆಯೂ ಹೊಸತು. ಜಗತ್ತಿನ ಭಾಷೆಗಳೆಲ್ಲ ಅದಕ್ಕೊಂದು ಕ್ರಿಯಾಪದವನ್ನು ಹುಡುಕಬೇಕಾಯಿತು. ಆ ವಸ್ತು ತಂಬಾಕು. ಅದು ಮೊಗಲರ ದರಬಾರಿಗೆ ಹೋದದ್ದು ನಮ್ಮ ವಿಜಯಪುರದಿಂದ!

ತಂಬಾಕು ಅಮೆರಿಕ ಖಂಡದ ಗಿಡ. ಕೊಲಂಬಸ್ ಅಲ್ಲಿಗೆ ಹೋದ 1492ಕ್ಕಿಂತ ಮೊದಲು ಏಷ್ಯದಲ್ಲಿ ಅದನ್ನು ಕಂಡವರಿಲ್ಲ. ಭಾರತಕ್ಕೆ ಅದನ್ನು ತಂದವರು ಪೋರ್ಚುಗೀಸರು. ಗೋವೆ ಮೊದಲು ಆದಿಲಶಾಹಿಗೇ ಸೇರಿತ್ತು. 1510ರಲ್ಲಿ ಆಲ್ಬುಕರ್ಕ್ ಅದನ್ನು ಗೆದ್ದುಕೊಂಡ. ರಾಜ್ಯ ಕೈಬಿಟ್ಟರೂ ವ್ಯಾಪಾರ ಕೈಬಿಡಲಿಲ್ಲ. ಗೋವೆಗೆ ಹಡಗಿನಲ್ಲಿ ಬಂದ ಹೊಸ ಸರಕು ಘಟ್ಟವೇರಿ ವಿಜಯಪುರದ ಪೇಟೆ ಸೇರುವುದು ಸಹಜವೇ ಆಗಿತ್ತು.

ಆಗ ಇಲ್ಲಿ ಆಳುತ್ತಿದ್ದವನು ಎರಡನೆಯ ಇಬ್ರಾಹಿಂ ಆದಿಲಶಹ (1580-1627). ಸಂಗೀತದ ಹುಚ್ಚು ಹಿಡಿದ ದೊರೆ. 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಗ್ರಂಥ ರಚಿಸಿದವನು. 1599ರಲ್ಲಿ ತೊರವಿಯ ಬಳಿ 'ನವರಸಪುರ' ಎಂಬ ಹೊಸ ಪಟ್ಟಣಕ್ಕೇ ಕೈಹಾಕಿದವನು. ನಗರದಿಂದ ತಿಕೋಟಾದ ಕಡೆ ಹೊರಟವರಿಗೆ ಹಾದಿಯಲ್ಲಿ ತೊರವಿ ಸಿಗುತ್ತದೆಯಲ್ಲವೆ? ಅಲ್ಲಿನ ಸಂಗೀತ ಮಹಲಿನ ಅವಶೇಷ ಆ ಕನಸಿನ ಪಟ್ಟಣದ ಗುರುತು. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು.

ಅಕ್ಬರನ ಮಗ ದಾನಿಯಾಲನಿಗೂ ಇಬ್ರಾಹಿಮನ ಮಗಳಿಗೂ ಮದುವೆ ನಿಶ್ಚಯವಾಗಿತ್ತು. ಈ ಸಂಬಂಧದ ಕಾರ್ಯಕ್ಕಾಗಿ ಅಕ್ಬರನ ಕಡೆಯಿಂದ 1603-04ರ ಹೊತ್ತಿಗೆ ಅಸದ್ ಬೇಗ್ ಎಂಬ ಅಧಿಕಾರಿ ವಿಜಯಪುರಕ್ಕೆ ಬಂದ. ಫಾರಸಿಯಲ್ಲಿ ತನ್ನ ಅನುಭವಗಳನ್ನು ಬರೆದಿಟ್ಟಿದ್ದಾನೆ. ಎಲಿಯಟ್ ಮತ್ತು ಡೌಸನ್ ಅವರ ಸಂಪುಟಗಳಲ್ಲಿ ಅದರ ಭಾಗಗಳು ಇಂಗ್ಲಿಷಿನಲ್ಲಿ ಸಿಗುತ್ತವೆ. ನಮ್ಮ ಊರಿನ ಪೇಟೆಯನ್ನು ಕಂಡು ಅವನು ಬೆರಗಾದ ರೀತಿ ಓದಲು ಸೊಗಸು: ಅಗಲವಾದ ಬೀದಿ, ಎರಡು ಕೋಸಿನಷ್ಟು ಉದ್ದ, ಅಂಗಡಿಗಳ ಮುಂದೆ ಹಸಿರು ಮರಗಳು, ಒಂದೆಡೆ ಆಭರಣ, ಒಂದೆಡೆ ಸುಗಂಧ, ಒಂದೆಡೆ ಮದ್ಯ... ಆ ಪೇಟೆಯ ಊರಿನಲ್ಲೇ ಅವನಿಗೆ ತಂಬಾಕು ಕಂಡದ್ದು. ಇಂಥದನ್ನು ಅವನು ಹಿಂದೆ ಹಿಂದುಸ್ತಾನದಲ್ಲಿ ನೋಡಿರಲಿಲ್ಲ. ಆದ್ದರಿಂದ ಸಾಕಷ್ಟು ಕೊಂಡ. ಬರಿದೆ ಕೊಂಡದ್ದಲ್ಲ, ಬಾದಶಹನಿಗೆ ಒಪ್ಪಿಸಲು ತಕ್ಕಂತೆ ಒಂದು ಕೊಳವೆಯನ್ನೂ ಸಿದ್ಧಪಡಿಸಿದ. ಮೂರು ಮೊಳ ಉದ್ದದ ನಳಿಗೆ, ಎರಡೂ ತುದಿಗೆ ರತ್ನ ಮತ್ತು ಮೀನಾ ಕೆಲಸ, ಬಾಯಿಗಿಡುವಲ್ಲಿ ಯೆಮೆನ್ ದೇಶದ ಕೆಂಪು ಕಲ್ಲು, ತಂಬಾಕು ಉರಿಸಲು ಚಿನ್ನದ ಬಟ್ಟಲು. ತಂಬಾಕನ್ನು ತುಂಬಿದ್ದು ಆದಿಲಶಹ ಕೊಟ್ಟಿದ್ದ ವೀಳ್ಯದ ಚೀಲದಲ್ಲಿ. ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿಟ್ಟು ಅಕ್ಬರನ ಮುಂದಿರಿಸಿದ.

ಮುಂದೆ ನಡೆದದ್ದು ಒಂದು ಒಳ್ಳೆಯ ನಾಟಕದ ದೃಶ್ಯ. ಇದೇನೆಂದು ಬಾದಶಹ ಕೇಳಿದ. ಖಾನ್-ಎ-ಆಜಮ್ ಉತ್ತರಿಸಿದ: ಇದು ತಂಬಾಕು, ಮೆಕ್ಕಾ ಮದೀನಗಳಲ್ಲಿ ಹೆಸರಾದದ್ದು, ಔಷಧವೆಂದು ತಂದಿದ್ದಾರೆ. ಅಕ್ಬರ ಸೇದತೊಡಗಿದ. ರಾಜವೈದ್ಯ ಹತ್ತಿರ ಬಂದು ತಡೆದ. ಆದರೂ ಅಸದ್ ಬೇಗನ ಮನಸ್ಸು ನೋಯಬಾರದೆಂದು ಬಾದಶಹ ಎರಡು ಮೂರು ಸಲ ಎಳೆದ. ವೈದ್ಯನಿಗೆ ಕಳವಳ. ಇದು ನಮಗೆ ತಿಳಿಯದ ವಸ್ತು, ನಮ್ಮ ಗ್ರಂಥಗಳಲ್ಲಿ ಇದರ ಗುಣದೋಷ ಹೇಳಿಲ್ಲ ಎಂಬುದು ಅವನ ವಾದ. ಅಸದ್ ಬೇಗ್ ಸುಮ್ಮನಿರಲಿಲ್ಲ: ಯುರೋಪಿನವರು ಅಷ್ಟು ಮೂಢರೇ, ಅವರಲ್ಲಿಯೂ ಬಲ್ಲವರಿದ್ದಾರೆ, ಪ್ರತಿಯೊಂದು ವಸ್ತುವೂ ಒಂದು ಕಾಲಕ್ಕೆ ಹೊಸದೇ ಆಗಿರಲಿಲ್ಲವೇ ಎಂದ. ಇತರರು ಒಪ್ಪಿದ್ದನ್ನು ನಮ್ಮ ಪುಸ್ತಕದಲ್ಲಿಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಬಾರದೆಂಬ ಈ ತರ್ಕವನ್ನು ಅಕ್ಬರನೂ ಮೆಚ್ಚಿದ. ಮೆಚ್ಚಿದ, ಆದರೆ ತಾನು ಮಾತ್ರ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ! ಸರದಾರರು ಹಾಗಲ್ಲ. ಅಸದ್ ಬೇಗ್ ಹಂಚಿದ್ದನ್ನು ರುಚಿ ನೋಡಿ ಮತ್ತೆ ಮತ್ತೆ ಬೇಡಿದರು. ಬೇಗನೆ ವ್ಯಾಪಾರಿಗಳು ಮಾರಲಾರಂಭಿಸಿದರು.

ತರ್ಕದಲ್ಲಿ ಗೆದ್ದವನು ಅಸದ್ ಬೇಗ್, ಸತ್ಯದ ಕಡೆಗಿದ್ದವನು ಆ ವೈದ್ಯ. ಇತಿಹಾಸದಲ್ಲಿ ಹೀಗಾಗುವುದುಂಟು. ಅದೇ 1604ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸ್ ತಂಬಾಕಿನ ವಿರುದ್ಧ ಒಂದು ಪುಸ್ತಿಕೆಯನ್ನೇ ಬರೆದು ಪ್ರಕಟಿಸಿದ. ಅಕ್ಬರನ ಮಗ ಜಹಾಂಗೀರ್ 1617ರಲ್ಲಿ ನಿಷೇಧದ ಆಜ್ಞೆ ಹೊರಡಿಸಿದ. ಯಾರೂ ಕೇಳಲಿಲ್ಲ. (ಹುಕ್ಕಾವನ್ನು ಅಕ್ಬರನ ಆಸ್ಥಾನದ ಹಕೀಮ್ ಅಬುಲ್ ಫತಹ್ ಗೀಲಾನಿ ತಂಬಾಕಿಗಾಗಿ ಕಂಡುಹಿಡಿದನೆಂಬ ಕಥೆಯನ್ನು ಬಹಳ ಕಡೆ ಓದುತ್ತೇವೆ. ಅವನು 1589ರಲ್ಲೇ ತೀರಿಕೊಂಡಿದ್ದ, ಅಸದ್ ಬೇಗನ ತಟ್ಟೆ ದರಬಾರಿಗೆ ಬರುವುದಕ್ಕೆ ಹದಿನೈದು ವರ್ಷ ಮೊದಲು. ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿರಿ ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ಇದಕ್ಕೇ!)

ಈಗ ಕ್ರಿಯಾಪದದ ಪ್ರಶ್ನೆ. ಹೊಗೆಯನ್ನು ಬಾಯಿಂದ ಒಳಗೆಳೆದು ಹೊರಬಿಡುವ ಈ ಹೊಸ ಚಟಕ್ಕೆ ಏನೆನ್ನಬೇಕು? ಬಹುತೇಕ ಭಾಷೆಗಳು ಕೈಗೆ ಸಿಕ್ಕ 'ಕುಡಿ' ಎಂಬುದನ್ನೇ ಹಿಡಿದುಕೊಂಡವು. ಹಿಂದಿ-ಉರ್ದುಗಳಲ್ಲಿ ಬೀಡಿಯನ್ನು ಕುಡಿಯುತ್ತಾರೆ, ತೆಲುಗಿನಲ್ಲಿಯೂ ಅಷ್ಟೆ. ತುರ್ಕಿ ಭಾಷೆಯಲ್ಲಿ ಇಂದಿಗೂ ಸಿಗರೇಟು ಕುಡಿಯುವುದೇ. ಇಂಗ್ಲಿಷರೂ ಜೇಮ್ಸ್ ದೊರೆಯ ಕಾಲದಲ್ಲಿ ತಂಬಾಕನ್ನು 'ಕುಡಿಯುತ್ತಿದ್ದರು'; ಹೊಗೆ ಎಂಬ ನಾಮಪದವನ್ನೇ ಕ್ರಿಯಾಪದ ಮಾಡಿಕೊಂಡ ಅವರ ಈಗಿನ ಬಳಕೆ ಆಮೇಲೆ ಗಟ್ಟಿಯಾಯಿತು. ಬಂಗಾಳಿಗಳು ಎಲ್ಲರಿಗಿಂತ ಉದಾರಿಗಳು: ನೀರನ್ನೂ ತಿನ್ನುತ್ತಾರೆ, ಸಿಗರೇಟನ್ನೂ ತಿನ್ನುತ್ತಾರೆ! ನಮ್ಮ ನೆರೆಯ ಮರಾಠಿಗರು ಬೀಡಿಯನ್ನು ಎಳೆಯುತ್ತಾರೆ, ಮಲಯಾಳಿಗಳೂ ಹಾಗೆಯೇ.

ಕನ್ನಡ ಮಾತ್ರ ಬಾವಿಯ ಕಟ್ಟೆಗೆ ಹೋಯಿತು. 'ಸೇದು' ಎಂದರೆ ಹಗ್ಗ ಹಿಡಿದು ಕೊಡವನ್ನು ಆಳದಿಂದ ಮೇಲಕ್ಕೆಳೆಯುವುದು. ತೆಲುಗಿನಲ್ಲಿಯೂ ಇದರ ಸೋದರ ಪದ 'ಚೇದು' ಇದೆ, ಬಾವಿಯ ನೀರಿಗೇ ಬಳಕೆಯಾಗುತ್ತದೆ. ಆದರೆ ಹೊಗೆಗೆ ಅವರು ಅದನ್ನು ಕರೆಯಲಿಲ್ಲ, ನಾವು ಕರೆದೆವು. ಕೆಳಗೆ ಬಟ್ಟಲಲ್ಲಿ ಕೆಂಡ, ನಡುವೆ ಮೂರು ಮೊಳದ ನಳಿಗೆ, ಮೇಲೆ ಬಾಯಿ. ಹೊಗೆಯನ್ನು ಆಳದಿಂದ ಎತ್ತಿ ತಂದಂತೆಯೇ ಅಲ್ಲವೆ? ಈ ಪದವನ್ನು ಮೊದಲು ಬಳಸಿದ ಕನ್ನಡಿಗ ಹುಕ್ಕಾವನ್ನೋ ಉದ್ದನೆಯ ಚಿಲುಮೆಯನ್ನೋ ನೋಡಿಯೇ ಆಡಿರಬೇಕೆಂದು ನನ್ನ ಊಹೆ. ಚೋಟುದ್ದದ ಬೀಡಿ ಬಂದದ್ದು ಬಹಳ ಈಚೆಗೆ. 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ, ಮನೆಮನೆಯ ಹಿತ್ತಲಿನ ಸೇದುವ ಬಾವಿಗಳು ಇವೆಲ್ಲ ಇದ್ದ ಈ ಬರದ ಸೀಮೆಗೆ ಇದಕ್ಕಿಂತ ಹತ್ತಿರದ ಕ್ರಿಯಾಪದ ಇನ್ನಾವುದಿದ್ದೀತು?

'ಹಾಗಾದರೆ ಧೂಮಪಾನ?' ಎಂದು ನೀವು ಕೇಳಬಹುದು. ಪಾನವೆಂದರೆ ಕುಡಿಯುವುದು ತಾನೆ? ಹೌದು, ಆದರೆ ಆ ಪದ ತಂಬಾಕಿಗಿಂತ ಬಹಳ ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಧೂಮಪಾನದ ವಿಧಿಯೇ ಇದೆ. ಸುಗಂಧ ದ್ರವ್ಯಗಳನ್ನು ಅರೆದು ಬತ್ತಿ ಮಾಡಿ, ಒಣಗಿಸಿ, ತುಪ್ಪ ಸವರಿ, ನಳಿಗೆಗೆ ಸಿಕ್ಕಿಸಿ ಹೊಗೆ ತೆಗೆದುಕೊಳ್ಳಬೇಕು. ಬಾಯಿಂದ ಎಳೆದ ಹೊಗೆಯನ್ನು ಮೂಗಿನಿಂದ ಬಿಡಬಾರದು, ಕಣ್ಣಿಗೆ ಕೇಡು ಎಂಬ ಎಚ್ಚರಿಕೆಯೂ ಉಂಟು. ಅದು ಚಿಕಿತ್ಸೆ. ಆ ಮರ್ಯಾದೆಯ ಹೆಸರನ್ನು ತಂಬಾಕಿಗೆ ತೊಡಿಸಿ ಬಸ್ಸಿನ ಫಲಕಗಳಲ್ಲಿ ಬರೆದದ್ದು ಮುಂದಿನವರು.

ಹಿಂದೊಮ್ಮೆ ನನ್ನ ತರಗತಿಯಲ್ಲಿ ಒಬ್ಬ ಹುಡುಗ ಪ್ರಬಂಧದಲ್ಲಿ 'ಬೀಡಿಯನ್ನು ಕುಡಿಯಬಾರದು' ಎಂದು ಬರೆದಿದ್ದ. ತಿಕೋಟಾ ಕಡೆಯವನು, ಮನೆಮಾತು ಉರ್ದು. ಓದಿ ಹೇಳಿದಾಗ ಹುಡುಗರು ಗೊಳ್ಳೆಂದು ನಕ್ಕರು. ನಾನು ಅಂಕ ಕಳೆಯಲಿಲ್ಲ. 'ಕನ್ನಡದೊಳಗ ಸೇದು ಅಂತ ಬರಿ' ಎಂದು ತಿದ್ದಿ, ನಕ್ಕವರಿಗೆ ಹೇಳಿದೆ: ಧೂಮಪಾನ ಎಂದು ಬರೆದ ನೀವೂ ಹೊಗೆಯನ್ನು ಕುಡಿದವರೇ! ಅವನ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. ಇದನ್ನು ಓದಿದರೆ ಅವನಿಗೂ ನೆನಪಾದೀತು.

ಇಷ್ಟೆಲ್ಲ ಪದದ ವಿನೋದ. ಇನ್ನು ಹೇಳುವುದು ವಿನೋದವಲ್ಲ.

ನಮ್ಮ ಭಾಗದಲ್ಲಿ ತಂಬಾಕು ಹೊಗೆಯಾಗಿ ಬಂದರೂ ಹೊಗೆಯಾಗಿಯೇ ಉಳಿಯಲಿಲ್ಲ. ದಕ್ಷಿಣದವರು ಅದನ್ನು 'ಹೊಗೆಸೊಪ್ಪು' ಎನ್ನುತ್ತಾರೆ, ಹೊಗೆಯಿಲ್ಲದೆ ಅಗಿಯುತ್ತಾರೆ! ನಮ್ಮವರು ಅಂಗೈಯಲ್ಲಿ ಸುಣ್ಣ ಬೆರೆಸಿ ತಿಕ್ಕಿ, ತಟ್ಟಿ, ದವಡೆಗೆ ಇಟ್ಟುಕೊಳ್ಳುತ್ತಾರೆ. ತಪಕೀರನ್ನು ಮೂಗಿಗೆ ಏರಿಸುತ್ತಾರೆ. ಎಲೆ ಅಡಿಕೆಯ ಜೊತೆ ಹಾಕಿಕೊಳ್ಳುತ್ತಾರೆ. ಹೆಂಗಸರು ತಂಬಾಕನ್ನು ಹುರಿದು ಕರಿ ಮಾಡಿದ ಮಿಸ್ರಿಯನ್ನು ಹಲ್ಲಿಗೆ ಹಚ್ಚುತ್ತಾರೆ. ಗಮನಿಸಿರಿ: ತಿಕ್ಕು, ಇಟ್ಟುಕೊ, ಏರಿಸು, ಹಾಕಿಕೊ, ಹಚ್ಚು. ಇವುಗಳಲ್ಲಿ ಒಂದೂ 'ತಿನ್ನು' ಅಲ್ಲ, 'ಸೇದು' ಅಲ್ಲ, 'ಸೇವಿಸು' ಅಂತೂ ಅಲ್ಲವೇ ಅಲ್ಲ. ಆಡುವವರ ಮನಸ್ಸಿನಲ್ಲಿ ಆ ವಸ್ತು ದೇಹದೊಳಗೆ ಹೋಗುವುದೇ ಇಲ್ಲ. ಹಚ್ಚಿದ್ದು ಹಲ್ಲಿನ ಮೇಲಿರುತ್ತದೆ, ಇಟ್ಟದ್ದು ದವಡೆಯಲ್ಲಿರುತ್ತದೆ, ಆಮೇಲೆ ಉಗುಳಿದರಾಯಿತು. ಆದರೆ ನಾಲಿಗೆಯ ಕೆಳಗಿಟ್ಟ ಗುಳಿಗೆ ನುಂಗದೆಯೇ ರಕ್ತ ಸೇರುವಂತೆ, ದವಡೆಗಿಟ್ಟ ತಂಬಾಕಿನ ನಿಕೊಟಿನ್ನೂ ಬಾಯಿಯ ಒಳಪದರದಿಂದಲೇ ಇಳಿಯುತ್ತದೆ. ಬಾಯಿಯ ಕ್ಯಾನ್ಸರಿಗೆ ದಾರಿ ಮಾಡುವ ವಸ್ತುಗಳೂ ಅದೇ ಜಾಗದಲ್ಲಿ ಕೆಲಸ ಮಾಡುತ್ತಿರುತ್ತವೆ.

ನಮ್ಮ ದೊಡ್ಡವ್ವ ಬಬಲೇಶ್ವರದಲ್ಲಿದ್ದಳು. ಎಂದೂ ಬೀಡಿ ಮುಟ್ಟಿದವಳಲ್ಲ, ಎಲೆಗೆ ತಂಬಾಕು ಹಾಕಿಕೊಂಡವಳೂ ಅಲ್ಲ. ಒಂದು ಆರೋಗ್ಯ ಶಿಬಿರದಲ್ಲಿ ಬರೆದುಕೊಳ್ಳುವ ಹುಡುಗ, 'ಅಜ್ಜಿ, ಧೂಮಪಾನ, ತಂಬಾಕು ಸೇವನೆ ಏನಾರ ಐತೇನ್ರೀ?' ಎಂದು ಕೇಳಿದನಂತೆ. 'ಅಯ್ಯ ಶಿವನೇ, ನಾ ಯಾಕ ತಿನ್ನಲೆಪ್ಪಾ' ಎಂದಳಂತೆ ದೊಡ್ಡವ್ವ. ಸುಳ್ಳು ಹೇಳಲಿಲ್ಲ ಅವಳು. ದಿನಕ್ಕೆ ಮೂರು ಸಲ ಮಿಸ್ರಿ ಹಚ್ಚುತ್ತಿದ್ದಳು, ಅಷ್ಟೆ. ಹಾಳೆಯಲ್ಲಿ 'ಇಲ್ಲ' ಎಂದು ಬಿತ್ತು. ವಸಡಿನ ಬಳಿ ಇದ್ದ ಬಿಳಿ ಮಚ್ಚೆಯನ್ನು ಯಾರೂ ಬಾಯಿ ತೆರೆಸಿ ನೋಡಲಿಲ್ಲ. ಮುಂದೆ ಎರಡು ವರ್ಷಕ್ಕೆ ಅದು ಹುಣ್ಣಾಗಿ, ರೊಟ್ಟಿ ಮುರಿದು ಬಾಯಿಗಿಡುವುದು ಅಸಾಧ್ಯವಾದಾಗ ನಗರಕ್ಕೆ ಕರೆತಂದರು. ಆಗ ತಡವಾಗಿತ್ತು. ಕಡೆಯ ದಿನಗಳಲ್ಲಿ ಅವಳಿಗೆ ಗಂಜಿಯೇ ಊಟ. 'ಉಣ್ಣೂದ ಹೋತು, ಬರೇ ಕುಡಿಯೂದ ಉಳೀತು' ಎನ್ನುತ್ತಿದ್ದಳು.

2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ 100ಕ್ಕೆ 28.6 ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರು 10.7 ಇದ್ದರೆ, ಹೊಗೆಯಿಲ್ಲದ ತಂಬಾಕಿನವರು 21.4, ಅಂದರೆ ಎರಡರಷ್ಟು. 2003ರಲ್ಲಿ ಕೇಂದ್ರದ ಕಾಯದೆ ಬಂದಿತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದರ ಮೇಲಿನ ನಿಯಮ ಬಿಗಿಯಾಯಿತು. 2013ರಲ್ಲಿ ಕರ್ನಾಟಕ ಸರಕಾರ ಗುಟಖಾ ನಿಷೇಧಿಸಿತು. ಫಲಕಗಳ ಮೇಲೆ ಮಾತ್ರ ಇಂದಿಗೂ ಎದ್ದು ಕಾಣುವ ಪದ 'ಧೂಮಪಾನ'ವೇ. ಆ ಪದ ಮಿಸ್ರಿ ಹಚ್ಚುವ ಅಜ್ಜಿಯನ್ನೂ ದವಡೆಗೆ ಇಟ್ಟುಕೊಳ್ಳುವ ಗಾಡಿಯವನನ್ನೂ ಮುಟ್ಟುವುದೇ ಇಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು ಇದ್ದೀರಿ. ಹಳ್ಳಿಯಲ್ಲಿ ಕೇಳುವಾಗ 'ಸೇವನೆ'ಯನ್ನು ಹಾಳೆಯಲ್ಲೇ ಬಿಟ್ಟು ಒಂದೊಂದಾಗಿ ಕೇಳಿರಿ: ಸೇದತೀರೇನ್ರೀ? ತಿಕ್ಕಿ ಇಟ್ಕೋತೀರೇನ್ರೀ? ಎಲಿ ಜೋಡಿ ಹಾಕ್ಕೋತೀರೇನ್ರೀ? ಮೂಗಿಗೆ ಏರಸ್ತೀರೇನ್ರೀ? ಹಲ್ಲಿಗೆ ಏನ ಹಚ್ಚತೀರ್ರೀ? ಐದು ಪ್ರಶ್ನೆಗೆ ಅರ್ಧ ನಿಮಿಷ ಸಾಕು. ಆಮೇಲೆ ಬಾಯಿ ತೆರೆಸಿ ನೋಡಿರಿ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆ ಇವಕ್ಕೆ ಬೇರೆ ಮಾತುಗಳಿದ್ದರೆ ನನಗೂ ಬರೆದು ತಿಳಿಸಿರಿ, ಪಟ್ಟಿ ಮಾಡುತ್ತಿದ್ದೇನೆ.